ಶನಿವಾರದ ಭಜನೆಗೆ ಒಂದು ಮಾಡು (ಚಾವಣಿ) ಬೇಕು

ಭಕ್ತರೆಲ್ಲರಿಗೂ ಭಜನಾ ಮಂದಿರದ ಟ್ರಸ್ಟಿಗಳ ನಮಸ್ಕಾರ.

ಕಳೆದ ಪುಷ್ಯ ಮಳೆಯ ಒಂದು ಶನಿವಾರ. ಭಜನೆ ಅರ್ಧಕ್ಕೆ ಬಂದಿತ್ತು. ಗೆದ್ದಲು ತಿಂದ ಪಕಾಸಿ ಮುರಿದು ನಲವತ್ತು ಐವತ್ತು ಹೆಂಚು ಒಟ್ಟಿಗೇ ಕೆಳಗೆ ಬಂದವು. ಯಾರಿಗೂ ಪೆಟ್ಟಾಗಲಿಲ್ಲ, ವೆಂಕಟರಮಣನ ದಯೆ. ಹಾರ್ಮೋನಿಯಂ ಮಾತ್ರ ನೆನೆದುಹೋಯಿತು. ಟಾರ್ಪಾಲು ಕಟ್ಟಿ ಹೇಗೋ ಮಳೆಗಾಲ ಕಳೆದೆವು. ಆದರೆ ಟಾರ್ಪಾಲಿನ ಮೇಲೆ ನಮ್ಮ ಮಲೆನಾಡಿನ ಮಳೆ ಬಿದ್ದರೆ ಪಕ್ಕದವರ ದನಿಯೂ ಕೇಳುವುದಿಲ್ಲ.

ಮಂದಿರದ ಕಥೆ ನಿಮಗೆ ಗೊತ್ತಿದ್ದದ್ದೇ. ಆದರೂ ಹೇಳದೆ ಇರಲಾಗುವುದಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಮೊದಲೇ ನಮ್ಮ ಹಿರಿಯರನ್ನು ಲಾರಿಗೆ ಹತ್ತಿಸಿ ಶಿವಮೊಗ್ಗದ ಕಡೆಯ ಈ ಕಾಡಿಗೆ ತಂದು ಬಿಟ್ಟರು. ಗದ್ದೆ, ತೋಟ, ಮನೆ ಎಲ್ಲ ಶರಾವತಿ ಹಿನ್ನೀರಿನ ಪಾಲು. ಲಾರಿಯಲ್ಲಿ ಪಾತ್ರೆ, ಭತ್ತದ ಬೀಜ, ದನದ ಕರು. ಜೊತೆಗೆ ಗೋಣಿಚೀಲದಲ್ಲಿ ಸುತ್ತಿದ ವೆಂಕಟರಮಣನ ಪಟ, ಎರಡು ಜೊತೆ ತಾಳ. ಬಂದ ವಾರವೇ ಸೋಗೆ ಚಪ್ಪರದ ಕೆಳಗೆ ಭಜನೆ ಶುರು ಮಾಡಿದರಂತೆ. ಮನೆಗಳಿಗೆ ಇನ್ನೂ ಗೋಡೆ ಎದ್ದಿರಲಿಲ್ಲ!

ಅವತ್ತಿನಿಂದ ಶನಿವಾರ ತಪ್ಪಿಲ್ಲ. 2020ರ ಲಾಕ್‌ಡೌನಿನಲ್ಲೂ ಅರ್ಚಕರು ಒಬ್ಬರೇ ಕೂತು ಹಾಡಿದರು. ನಾವು ನಮ್ಮ ನಮ್ಮ ಜಗುಲಿಯಿಂದ ಗೋವಿಂದ ಎಂದೆವು.

ಹಾಡಿ ಏನು ಸಿಕ್ಕಿತು ಎಂದು ಕೇಳುವವರಿದ್ದಾರೆ. ಹರಕೆ ಹೊತ್ತು ಲೆಕ್ಕ ಹಾಕುವವರಿಗೆ ನಮ್ಮ ಉತ್ತರ ಹಿಡಿಸಲಿಕ್ಕಿಲ್ಲ. ಭಜನೆ ಪುಸ್ತಕ ನೋಡಿಯೇ ಅಕ್ಷರ ಕಲಿತ ಅಜ್ಜಿಯರು ಇಲ್ಲಿದ್ದಾರೆ. ಬೇಲಿ ಜಗಳ ಮಾಡಿಕೊಂಡ ಅಣ್ಣತಮ್ಮಂದಿರು ಮಂಗಳಾರತಿಗೆ ಒಂದೇ ತಟ್ಟೆಗೆ ಕೈ ಚಾಚಿದ್ದನ್ನು ನೋಡಿದ್ದೇವೆ. ಮಗ ತೀರಿಕೊಂಡ ತಾಯಿಯೊಬ್ಬರು ಮೂರು ತಿಂಗಳು ಯಾರ ಜೊತೆಗೂ ಮಾತಾಡಿರಲಿಲ್ಲ. ಅವರ ಬಾಯಿಂದ ಮೊದಲು ಬಂದದ್ದು ಮಾತಲ್ಲ, ಭಜನೆಯ ಪಲ್ಲವಿ. ಸ್ವಾಮಿ ಕೊಡುವುದು ಹೀಗೆಯೇ, ಸುಮ್ನೆ, ಕೇಳದೆ.

ಈಗ ವಿಷಯಕ್ಕೆ ಬರುತ್ತೇವೆ. ಅನುದಾನಕ್ಕೆ ಓಡಾಡಿದ್ದಾಯಿತು. ಜಾಗದ ದಾಖಲೆ ಕೇಳುತ್ತಾರೆ. ನಮ್ಮ ಮನೆಗಳಿಗೇ ಹಕ್ಕುಪತ್ರ ಇಲ್ಲ, ದೇವರಿಗೆ ಎಲ್ಲಿಂದ ತರೋಣ? ಮಾಡು ಪೂರ್ತಿ ಬಿಚ್ಚಿ ಪಕಾಸಿ, ರೀಪು, ಹೆಂಚು ಹೊಸದು ಹಾಕಲು ನಾಲ್ಕೂವರೆ ಲಕ್ಷ ಸಾಕು ಅಂತ ಬಡಗಿ ಹೇಳಿದ್ದಾರೆ. ಐದಾದರೂ ಆಶ್ಚರ್ಯವಿಲ್ಲ, ಮರದ ರೇಟು ನಿಮಗೆ ಗೊತ್ತಲ್ವಾ. ಊರೊಳಗೆ ಒಂದೂಕಾಲು ಲಕ್ಷ ಕೂಡಿದೆ. ಎಲೆಚುಕ್ಕಿ ರೋಗ ಬಂದು ಅಡಿಕೆ ಫಸಲು ಕೈಕೊಟ್ಟಿದೆ, ಇದಕ್ಕಿಂತ ಜಾಸ್ತಿ ಕೇಳಲು ನಮಗೆ ಬಾಯಿ ಬರುವುದಿಲ್ಲ.

ಬೆಂಗಳೂರಿನಲ್ಲಿರುವ ಮಕ್ಕಳು, ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಒಂದು ಸಲವಾದರೂ ಇಲ್ಲಿ ತಾಳ ಹಿಡಿದವರು ಕೈಲಾದಷ್ಟು ಕೊಡಿ. ಹೆಂಚೇ ಕೊಡಿಸುತ್ತೇವೆ ಎಂದರೂ ಸರಿ. ಎರಡು ದಿನ ಬಂದು ಹೆಂಚು ದಾಟಿಸಿದರೂ ಅದು ದೇಣಿಗೆಯೇ. ಎಲ್ಲದಕ್ಕೂ ರಸೀದಿ ಇದೆ. ರೋಹಿಣಿ ಮಳೆ ಶುರುವಾಗುವ ಮೊದಲು ಮಾಡು ಮುಗಿಯಬೇಕು, ಆಮೇಲೆ ಕೆಲಸದವರು ಹತ್ತುವುದಿಲ್ಲ. ಹಾಗಾಗಿ ಯುಗಾದಿಯೊಳಗೆ ತಿಳಿಸಿ.

ಹಾರ್ಮೋನಿಯಂ ರಿಪೇರಿಯಾಗಿ ಬಂದಿದೆ. ಸದ್ಯ ಕಾರ್ಯದರ್ಶಿಯವರ ಮನೆ ಅಟ್ಟದಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದೇವೆ.