ಮಾದರಿ ಎಂಜಿನ್‌ಗಳ ಬಣ್ಣದ ಕೆಲಸದ ಬಗ್ಗೆ ದೂರು

ಮಾನ್ಯರೇ,

ನನ್ನ ಎರಡು ಎಚ್‌ಒ ಅಳತೆಯ (ನಿಜದ ಗಾತ್ರದ 87ರಲ್ಲಿ ಒಂದು ಪಾಲು) ಆಲ್ಕೋ ಕಂಪನಿ ವಿನ್ಯಾಸದ ಡೀಸೆಲ್ ರೈಲು ಎಂಜಿನ್ ಮಾದರಿಗಳನ್ನು ಬಣ್ಣಕ್ಕೂ ವೆದರಿಂಗ್‌ಗೂ, ಅಂದರೆ ಬಿಸಿಲು ಮಳೆಯಲ್ಲಿ ಓಡಿ ಕೊಳೆಯಾದಂತೆ ಕಾಣಿಸುವ ಕೆಲಸಕ್ಕೂ, ನಿಮಗೆ ಕೊಟ್ಟಿದ್ದೆ. ವಾಪಸ್ ಬಂದದ್ದನ್ನು ನೋಡಿ ತುಂಬಾ ಬೇಸರವಾಯಿತು. ಫೋನ್ ಮಾಡಿದರೆ ನಿಮ್ಮವರು ಹೇಳಿದ್ದು: "ನಿಮ್ಮದು ಕಲ್ಪನೆಯ ರೈಲು ಅಲ್ವಾ ಸಾರ್, ಕೊಳೆ ಎಲ್ಲಿದ್ದರೇನು?" ಈ ಮಾತನ್ನು ನಾನು ಒಪ್ಪುವುದಿಲ್ಲ.

ರೈಲ್ವೆಯ ಹೆಸರು, ಲಾಂಛನ, ಹಸಿರು ಮೈಗೆ ಹಳದಿ ಪಟ್ಟಿ, ಎಲ್ಲ ನಾನೇ ಯೋಚಿಸಿ ಮಾಡಿದ್ದು. ಆದರೆ ಅದು ಓಡುವ ನೆಲ ನಿಜವಾದದ್ದು. ಸಂಡೂರಿನ ಅದಿರು ತುಂಬಿಕೊಂಡು ಕ್ಯಾಸಲ್‌ರಾಕ್ ಘಟ್ಟ ಇಳಿಯುವ ಗೂಡ್ಸ್ ಗಾಡಿ ಅದು. ಅಲ್ಲಿ 37 ಅಡಿಗೆ 1 ಅಡಿ ಇಳಿಜಾರು. ಬ್ರೇಕ್ ಹಿಡಿದು ಹಿಡಿದು ಚಕ್ರದ ಚೌಕಟ್ಟಿಗೆಲ್ಲ ಕಂದು ಪುಡಿ ಮೆತ್ತಿಕೊಳ್ಳುತ್ತದೆ. ಅದಿರಿನ ಕೆಂಪು ಧೂಳು ಕೆಳಗೆ ದಟ್ಟ, ಮೇಲೆ ಹೋದಂತೆ ತೆಳು. ಮಸಿ ಇರಬೇಕಾದದ್ದು ಛಾವಣಿಯಲ್ಲಿ, ಹೊಗೆ ಕೊಳವೆಯ ಸುತ್ತ. ಘಟ್ಟದ ಮಳೆ ಇದನ್ನೆಲ್ಲ ಗೆರೆ ಗೆರೆಯಾಗಿ ಕೆಳಕ್ಕಿಳಿಸುತ್ತದೆ. ಫೋಟೋ ಸಮೇತ ಬರೆದು ಕೊಟ್ಟಿದ್ದೆ. ನೀವು ಸುಮ್ನೆ ತಲೆಯಿಂದ ಬುಡದವರೆಗೆ ಒಂದೇ ಕಂದು ಬಣ್ಣ ಸ್ಪ್ರೇ ಮಾಡಿದ್ದೀರಿ. ಹಳದಿ ಪಟ್ಟಿ ಕಾಣುವುದೇ ಇಲ್ಲ.

ಡೆಕಾಲ್ (ಲಾಂಛನ ಅಚ್ಚಾದ ತೆಳು ಹಾಳೆ) ಅಂಟಿಸುವ ಮೊದಲು ಹೊಳಪಿನ ವಾರ್ನಿಷ್ ಹಾಕಿಲ್ಲ. ಒರಟು ಬಣ್ಣದ ಮೇಲೆ ಗಾಳಿ ಸಿಕ್ಕಿಕೊಂಡು ಲಾಂಛನದ ಅಂಚು ಬೆಳ್ಳಗೆ ಮಿನುಗುತ್ತಿದೆ. ಕಿಟಕಿ ಗಾಜನ್ನು ಬಿಚ್ಚದೆ, ಮುಚ್ಚದೆ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಹೊಡೆದಿದ್ದರಿಂದ ಗಾಜೆಲ್ಲ ಮಬ್ಬಾಗಿದೆ. ಎಲ್ಲಕ್ಕಿಂತ ಜಾಸ್ತಿ ನೋವಾದದ್ದು ಚಕ್ರ ನೋಡಿ. ಹಳಿಯಿಂದ ಕರೆಂಟ್ ಬರುವುದೇ ಚಕ್ರದ ಮೂಲಕ, ಅದಕ್ಕೇ ಬಣ್ಣ ಬಳಿದಿದೆ. ಒಂದು ಎಂಜಿನ್ ನಿಂತು ನಿಂತು ಓಡುತ್ತದೆ. ಇನ್ನೊಂದು ಅಲುಗುವುದೇ ಇಲ್ಲ.

ಎರಡನ್ನೂ ನಿಮ್ಮ ಖರ್ಚಿನಲ್ಲೇ ತರಿಸಿಕೊಂಡು ಹೊಸದಾಗಿ ಮಾಡಿಕೊಡಿ. ನೀವು ಹಾಕಿದ್ದು ಅಕ್ರಿಲಿಕ್ ಬಣ್ಣ ಎಂದು ಬಿಲ್‌ನಲ್ಲಿದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಅದನ್ನು ತೆಗೆಯಬಹುದು. ಮೊದಲು ಒಳಗಿನ ಮೂಲೆಯಲ್ಲಿ ಹಚ್ಚಿ ನೋಡಿ. ಲ್ಯಾಕರ್ ಥಿನ್ನರ್ ಮುಟ್ಟಿಸಲೇಬೇಡಿ, ಪ್ಲಾಸ್ಟಿಕ್ ಕರಗುತ್ತದೆ. ಗಾಜು ಹೊಸದು ಹಾಕಬೇಕು. ಮೈಯನ್ನು ಬಿಚ್ಚಿಟ್ಟೇ ಬಣ್ಣ ಹೊಡೆಯಬೇಕು, ಮೋಟಾರ್ ಹತ್ತಿರವೂ ಸ್ಪ್ರೇ ಸುಳಿಯಬಾರದು. ವೆದರಿಂಗ್ ಶುರು ಮಾಡುವ ಮುಂಚೆ ಬರೀ ಹಸಿರು-ಹಳದಿಯ ಫೋಟೋ ಕಳಿಸಿ, ನಾನು ಒಪ್ಪಿದ ಮೇಲೆ ಮುಂದುವರಿಸಿ.

ಇದು ಆಗದಿದ್ದರೆ ಪೂರ್ತಿ ಹಣದ ಜೊತೆ ಗಾಜಿನ ಬೆಲೆಯನ್ನೂ ಕೊಡಿ. 15 ದಿನದೊಳಗೆ ಬರಹದಲ್ಲಿ ಉತ್ತರ ಬೇಕು. ಬಿಲ್, ನಾನು ಕೊಟ್ಟಿದ್ದ ಸೂಚನೆಗಳ ಪ್ರತಿ, ಈಗಿನ ಫೋಟೋಗಳನ್ನು ಇದರ ಜೊತೆ ಇಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ