ನಿನ್ನ ಪಾಲಿನ ದುಡ್ಡು ಬಾಕಿ ಇದೆ, ಗೆಳೆಯಾ

ಪ್ರೀತಿಯ ಗೆಳೆಯಾ,

ನೀನು ಶಾಲೆ ಗೆಳೆಯರ ವಾಟ್ಸಾಪ್ ಗುಂಪು ಬಿಟ್ಟು ಹತ್ತಿರ ಹತ್ತಿರ ಒಂದು ವರ್ಷ ಆಯ್ತು. ಹೋಗುವಾಗ ನನಗೊಬ್ಬನಿಗೇ ಒಂದು ಸಾಲು ಹಾಕಿದ್ದೆ. "ಊರು ಕೆಟ್ಟು ಕೂತಿದೆ ಕಣೋ, ಅಲ್ಲಿ ಮಾತಾಡೋಕೆ ಇನ್ನೇನೂ ಉಳಿದಿಲ್ಲ." ಅವತ್ತು ನಾನು ಉತ್ತರ ಬರೆಯಲಿಲ್ಲ. ಸುಮ್ನೆ ಸಮಾಧಾನ ಹೇಳಿದರೆ ನೀನು ನಂಬುವವನಲ್ಲ, ಹೌದು ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಈಗ ಬರೆಯೋಕೆ ಒಂದು ವಿಷಯ ಸಿಕ್ಕಿದೆ. ನಮ್ಮ ಕೆರೆ.

ತಾಲ್ಲೂಕಿನ ಹೆಸರಲ್ಲೇ ಜಗಳ ಇಟ್ಟುಕೊಂಡವರು ನೀವು ಅಂತ ಮೇಷ್ಟ್ರು ತಮಾಷೆ ಮಾಡುತ್ತಿದ್ದರಲ್ಲ, ನೆನಪಿದೆಯಾ? ಜಗಳೂರು. ಚಿತ್ರದುರ್ಗ ಜಿಲ್ಲೆಯಲ್ಲಿದ್ದಾಗಲೂ ಜಗಳ ಆಡಿದ್ವಿ, 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ ಮೇಲೂ ಬಿಡಲಿಲ್ಲ. ಆದರೆ ಆಗಿನ ಜಗಳಗಳು ಬದುವಿನವು, ಬೇಲಿ ಹಾರಿದ ಎಮ್ಮೆಯವು. ಸಂಜೆಗೆ ಮುಗಿಯುತ್ತಿದ್ದವು, ಹೆಚ್ಚೆಂದರೆ ಮುಂದಿನ ಜಾತ್ರೆಗೆ. ಈಗ ಬಸ್‌ಸ್ಟಾಪ್ ಹತ್ರ ಟೀ ಅಂಗಡಿಯೇ ಎರಡಾಗಿದೆ. ಯಾರು ಎಲ್ಲಿ ಕುಡಿಯುತ್ತಾರೆ ಅನ್ನೋದನ್ನ ನೋಡಿಯೇ ಅವರ ಪಾರ್ಟಿ ಹೇಳಬಹುದು. ನಾನು ಮನೆಯಲ್ಲೇ ಕುಡಿಯುತ್ತೇನೆ, ಅದಕ್ಕೂ ಒಂದು ಅರ್ಥ ಕಟ್ಟಿದ್ದಾರೆ.

ನೀನು ಗುಂಪು ಬಿಟ್ಟ ದಿನ ಒಬ್ಬರು ಹರಿಹರದ ದೇವರ ಫೋಟೋ ಹಾಕಿದ್ದರು. ಅರ್ಧ ಹರಿ, ಅರ್ಧ ಹರ, ಒಂದೇ ಮೂರ್ತಿ, ನಾವೂ ಹಾಗೇ ಇರೋಣ ಅಂತ. ಹೊಯ್ಸಳರ ಕಾಲದ ಗುಡಿ, 13ನೇ ಶತಮಾನದ್ದು, ನನಗೂ ಇಷ್ಟ. ಆದರೆ ಆ ಫೋಟೋದ ಕೆಳಗೇ ಮತ್ತೆ ಬೈದಾಟ ಶುರುವಾಯ್ತು. ಫಾರ್ವರ್ಡ್ ಮಾಡಿದ ಒಗ್ಗಟ್ಟು ಅಷ್ಟೇ ದೂರ ಹೋಗೋದು.

ಈಗ ಕೆರೆ ವಿಷಯಕ್ಕೆ ಬರ್ತೀನಿ. 2022ರಲ್ಲಿ ಹಿರಿಯೂರಿನ ಹತ್ರದ ಮಾರಿಕಣಿವೆ ಡ್ಯಾಮು ಕೋಡಿ ಬಿತ್ತಲ್ಲ, 1933 ಆದಮೇಲೆ 89 ವರ್ಷಕ್ಕೆ, ಜನ ಲಾರಿ ಮಾಡಿಕೊಂಡು ನೋಡೋಕೆ ಹೋದರಲ್ಲ, ಆ ವರ್ಷ ನಮ್ಮ ಕೆರೆಗೂ ಒಳ್ಳೇ ನೀರು ಬಂತು. ಸಂಕ್ರಾಂತಿ ಹೊತ್ತಿಗೆ ಖಾಲಿ. ತೂಬಿನ ಬಾಯಲ್ಲಿ ಏನೋ ಸಿಕ್ಕಿಕೊಂಡು ಅದು ಪೂರ್ತಿ ತೆರೆಯುತ್ತಲೂ ಇರಲಿಲ್ಲ, ಪೂರ್ತಿ ಮುಚ್ಚುತ್ತಲೂ ಇರಲಿಲ್ಲ, ಹಗಲೂ ರಾತ್ರಿ ಸೋರಿತು. ಕೆರೆಯಂಗಳ ತುಂಬಾ ಬಳ್ಳಾರಿ ಜಾಲಿ. ಹೂಳು ಎಷ್ಟಿತ್ತು ಅಂದರೆ ನಾವು ಈಜು ಕಲಿತ ಜಾಗದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಹರಿಹರದ ಹತ್ತಿರ ತುಂಗಭದ್ರೆಯಿಂದ ನೀರೆತ್ತಿ ನಮ್ಮ ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆ ಇದೆಯಲ್ಲ, ಅದರ ಪಟ್ಟಿಯಲ್ಲಿ ನಮ್ಮ ಕೆರೆ ಇಲ್ಲ. ಅದಕ್ಕೂ ಒಂದು ಪಾರ್ಟಿಯವರು ಇನ್ನೊಂದು ಪಾರ್ಟಿಯವರನ್ನ ಬೈದರು. ಬೋರ್‌ವೆಲ್‌ಗಳು ಮಾತ್ರ ಯಾವ ಪಾರ್ಟಿ ಅಂತ ನೋಡಲಿಲ್ಲ. ನಮ್ಮದು 800 ಅಡಿಗೆ ಧೂಳು ಉಗುಳಿತು, ನಿನ್ನ ಬೆಂಚಿನವನದೂ ಅಷ್ಟೇ.

ನಿನ್ನ ಬೆಂಚಿನವನು ಅಂದರೆ ಗೊತ್ತಾಯ್ತಲ್ಲ. ಗುಂಪಿನಲ್ಲಿ ನೀನು ಯಾರ ಮೇಲೆ ರೇಗಿದೆಯೋ ಅವನೇ.

ಹೋದ ಬೇಸಿಗೆಯಲ್ಲಿ ಹೂಳೆತ್ತೋಣ ಅಂತ ಪಂಚಾಯ್ತಿ ಮುಂದೆ ಸಭೆ ಸೇರಿದರು. ಗೌಡ್ರು ಒಗ್ಗಟ್ಟಿನ ಬಗ್ಗೆ ಚೆನ್ನಾಗೇ ಮಾತಾಡಿದರು. ಎಲ್ಲರೂ ಚಪ್ಪಾಳೆ ಹೊಡೆದರು. ಕೇರಿಯ ಅಣ್ಣ ಒಬ್ಬ ಮಾತ್ರ ಬೈಕ್ ಮೇಲಿಂದ ಇಳಿದಿರಲಿಲ್ಲ. ಅಲ್ಲಿಂದಲೇ ಕೇಳಿದ.

"ನೀರು ಬಂದ್ರೆ ನಿಮ್ಮ ಅಡಿಕೆಗೆ ಬತ್ತೈತೆ. ಅಚ್ಚುಕಟ್ಟಲ್ಲಿ ನಮ್ದು ಒಂದು ಗುಂಟೆ ಇಲ್ಲ. ನಮ್ಮಜ್ಜ ಈ ಕೆರೆ ನೀರುಗಂಟಿ. ರಾತ್ರಿ ಎದ್ದು ತೂಬು ಎತ್ತಿದ್ದು ಅವನು, ಉಂಡಿದ್ದು ನೀವು. ಈಗ ಹೂಳೆತ್ತಾಕೆ ನಾವು ಯಾಕೆ ಬರಬೇಕು?"

ಯಾರೂ ಮಾತಾಡಲಿಲ್ಲ. ಆಮೇಲೆ ಗೌಡ್ರು ದುರ್ಗದ ಕೋಟೆಯ ಹೊಂಡಗಳ ಉದಾಹರಣೆ ತೆಗೆದರು. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆ ಹೊಂಡಕ್ಕೆ. "ಮೇಲಿಂದು ತುಂಬಿದ್ರೆ ಕೆಳಗಿಂದೂ ತುಂಬುತ್ತಪ್ಪಾ."

"ಮೇಲಿನ ಹೊಂಡ ತುಂಬಿದ್ದು ನಾನಂತೂ ಇವತ್ತಿನವರೆಗೂ ನೋಡಿಲ್ಲ ಗೌಡ್ರೆ," ಅಂದ. ಬೈಕ್ ಕಿಕ್ ಹೊಡೆದು ಹೋದ.

ನಿಜ ಹೇಳ್ತೀನಿ, ಅವತ್ತು ನನಗೆ ನಾಚಿಕೆ ಆಯ್ತು. ನಾನೂ ಚಪ್ಪಾಳೆ ಹೊಡೆದಿದ್ದೆ. ಇಡೀ ಊರಿನ ಕೆರೆ ಅಂತ ನಾವು ಅಂದುಕೊಂಡಿದ್ದು ನಲವತ್ತು ಮನೆಯವರ ಕೆರೆ ಅನ್ನೋದು ನನ್ನ ತಲೆಗೇ ಹೊಳೆದಿರಲಿಲ್ಲ. ಎಲ್ಲರೂ ಒಂದಾಗೋಣ ಅಂತ ಕರೆಯುವವನು ಮೊದಲು ಯಾರಿಗೆ ಏನು ಸಿಗುತ್ತೆ ಅಂತ ಬಾಯಿಬಿಟ್ಟು ಹೇಳಬೇಕು ಕಣೋ. ಇಲ್ಲದಿದ್ದರೆ ಅದು ಬಿಟ್ಟಿ ಕೆಲಸಕ್ಕೆ ಕರೆದ ಹಾಗೆ.

ಆಮೇಲೆ ಮೂರು ಸಂಜೆ ಚೌಕಾಸಿ ನಡೆಯಿತು. ನಿನ್ನ ಬೆಂಚಿನವನೇ ಕೇರಿಗೆ ಹೋಗಿ ಕೂತ. ನಾನು ಅವನಿಂದ ಇದನ್ನ ನಿರೀಕ್ಷಿಸಿರಲಿಲ್ಲ, ಅವನ ಸ್ಟೇಟಸ್‌ಗಳನ್ನ ನೀನೂ ನೋಡಿದ್ದೀಯ. ಕೊನೆಗೆ ಒಪ್ಪಿದ್ದು ಹೀಗೆ. ಜಾಲಿ ಕಡಿಯೋದು, ಹಳ್ಳ ಬಿಡಿಸೋದು ಎಲ್ಲಾ ನರೇಗಾದಲ್ಲಿ, ಜಾಬ್ ಕಾರ್ಡ್ ಇದ್ದವರಿಗೇ. ಅಲ್ಲಿಗೆ ಯಾರೂ ಜೆಸಿಬಿ ತರೋ ಹಾಗಿಲ್ಲ. ಕೂಲಿಯವರ ಗುಂಪು ನೋಡಿಕೊಳ್ಳೋ ಕಾಯಕ ಬಂಧು ಕೇರಿಯವರೇ. ಹೊಲಕ್ಕೆ ಕೆರೆಯ ಗೋಡುಮಣ್ಣು, ಅಂದರೆ ಹೂಳು, ಬೇಕಾದವರು ಸ್ವಂತ ಟ್ರ್ಯಾಕ್ಟರ್‌ನಲ್ಲಿ ಹೊಡೆದುಕೊಳ್ಳಬೇಕು, ಅಚ್ಚುಕಟ್ಟಿನವರು ಎಕರೆಗೆ 2,000 ರೂಪಾಯಿ ಬೇರೆ ಹಾಕಬೇಕು. ನೀರು ನಿಂತರೆ ಮೀನಿನ ಹರಾಜಿನಲ್ಲಿ ಕೇರಿಯ ಹೆಂಗಸರ ಸಂಘದ ಮೇಲೆ ಊರಲ್ಲಿ ಯಾರೂ ಕೂಗಬಾರದು. ಈ ಕೊನೆಯದಕ್ಕೇ ಎರಡು ಸಂಜೆ ಹೋಯ್ತು.

ತೂಬಿನ ಕಥೆ ಕೇಳು. ಕಲ್ಲಿನ ತೂಬು, ಮೊಣಕೈವರೆಗೆ ಕೈ ಹೋಗುವಷ್ಟು ತೂತು. ಮೋಟಾರ್ ರಿಪೇರಿ ಚಾಚಾ ಅಂಗಾತ ಮಲಗಿ ಕೈ ಹಾಕಿದರು. ಅವರಿಗೆ ಊರಲ್ಲಿ ಜಮೀನಿಲ್ಲ, ಆದರೆ ನೀರಿಲ್ಲದ ಬೋರಿಗೆ ಮೋಟಾರ್ ಯಾರು ಇಳಿಸ್ತಾರೆ, ಅವರ ಕಸುಬೂ ಒಣಗಿತ್ತು. ಒಂದೊಂದೇ ಹೊರಗೆ ಎಳೆದರು. ಜಾಲಿ ಬೇರು, ಒಂದು ಕಾಲಿನ ಹವಾಯಿ ಚಪ್ಪಲಿ, ಗುಟ್ಕಾ ಚೀಟಿ, ಸೀರೆ ತುಂಡು, ಯಾರೋ ಹರಕೆಗೆ ಬಿಟ್ಟ ಹಸಿರು ಬಳೆಗಳು. ಕೈ ಸಾಲದೆ ಬಂದಾಗ "ನಿಂದು ತೆಳ್ಳಗೈತೆ, ಬಾರೋ" ಅಂತ ನಿನ್ನ ಬೆಂಚಿನವನನ್ನ ಕರೆದರು. ಇವನು ಅವರ ಎದೆಗೆ ತಲೆ ಆನಿಸಿ ಮಲಗಿ ಕೈ ಇಳಿಸಿದ. ಇಬ್ಬರ ಮುಖದ ಮೇಲೂ ಒಂದೇ ಕೆಸರು. ಇವನ ಸ್ಟೇಟಸ್‌ಗಳನ್ನ ಚಾಚಾನ ಮಗ ನೋಡುತ್ತಾನೆ, ಅದು ಇವನಿಗೂ ಗೊತ್ತು. ಅದರ ಬಗ್ಗೆ ಯಾರೂ ಮಾತೆತ್ತಲಿಲ್ಲ. "ಎಡಕ್ಕೆ, ಇನ್ನೂ ಎಡಕ್ಕೆ," ಅಷ್ಟೇ ಮಾತು.

ಊಟದ ವಿಷಯ ನೀನು ಕೇಳೇ ಕೇಳ್ತೀಯ. ಮೊದಲ ದಿನ ಬುತ್ತಿ ಬಿಚ್ಚಿದ್ದು ಬೇರೆ ಬೇರೆ ಮರದ ಕೆಳಗೆ. ಊರಿನವರು ಒಂದು ಕಡೆ, ಕೇರಿಯವರು ಇನ್ನೊಂದು ಕಡೆ. ನೀರಿನ ಬಿಂದಿಗೆಯೂ ಎರಡು. ಯಾರೂ ಹೇಳಿಕೊಟ್ಟಿದ್ದಲ್ಲ, ಕಾಲು ತಾವಾಗೇ ಹೋದವು. ಆದರೆ ನೆರಳು ಕೊಡುತ್ತಿದ್ದದ್ದು ಜಾಲಿ ಮರಗಳು, ಕಡಿಯುತ್ತಿದ್ದದ್ದೂ ಅವನ್ನೇ. ದಿನಕ್ಕಿಷ್ಟು ನೆರಳು ಕಮ್ಮಿ ಆಗುತ್ತಾ ಹೋಯ್ತು. ಒಂಬತ್ತನೇ ದಿನಕ್ಕೆ ಏರಿ ಮೇಲಿನ ಹೊಂಗೆ ಮರ ಒಂದೇ ಉಳಿದಿತ್ತು. ಆ ಬಿಸಿಲಲ್ಲಿ ಬೇರೆ ದಾರಿ ಇರಲಿಲ್ಲ, ಎಲ್ಲರೂ ಅದರ ಕೆಳಗೇ ಕೂತರು. ಮನಸ್ಸು ಬದಲಾಗಿ ಕೂತರು ಅಂತ ನಾನು ಹೇಳಲ್ಲ. ಬಿಂದಿಗೆ ಆಗಲೂ ಎರಡೇ ಇತ್ತು. ಹನ್ನೊಂದನೇ ದಿನ ಒಂದು ಖಾಲಿಯಾಯ್ತು, ಇನ್ನೊಂದರಲ್ಲಿ ಕುಡಿದರು. ಇಬ್ಬರು ಕುಡಿಯಲಿಲ್ಲ, ಮನೆಗೆ ಹೋಗಿ ಕುಡಿದು ಬಂದರು. ಅದರಲ್ಲಿ ಒಬ್ಬರು ನಮ್ಮ ದೊಡ್ಡಪ್ಪ.

ಮಳೆ ಬಂತು, ಕೆರೆಗೆ ಅರ್ಧ ನೀರು ಬಂತು. ನಮ್ಮ ಕಡೆಗೆ ಅದೇ ಜಾಸ್ತಿ. ಅಷ್ಟಕ್ಕೇ ಊರು ಸರಿಹೋಯ್ತು ಅಂದುಕೊಳ್ಳಬೇಡ. ಗಣೇಶನ ಮೆರವಣಿಗೆಯಲ್ಲಿ ಡಿಜೆ ಯಾವ ಬೀದಿಗೆ ಹೋಗಬೇಕು ಅಂತ ಮತ್ತೆ ಮಾತು ಬೆಳೆಯಿತು, ಪೊಲೀಸ್ ಜೀಪು ಬಂದು ನಿಂತಿತು. ನಿನ್ನ ಬೆಂಚಿನವನು ಆ ಗಲಾಟೆಯಲ್ಲಿ ಮುಂದೆಯೇ ಇದ್ದ. ಚಾಚಾ ಎರಡು ದಿನ ಅಂಗಡಿ ತೆಗೆಯಲಿಲ್ಲ. ಇದಾದ ಮೂರನೇ ದಿನ ಬೆಳಿಗ್ಗೆ ಏರಿಯ ಕೆಳಗೆ ನೀರು ಜಿನುಗಿತು, ಏಡಿ ಬಿಲ ದೊಡ್ಡದಾಗಿತ್ತು. ಮರಳು ಚೀಲ ಹೊರೋಕೆ ಎಲ್ಲರೂ ಬಂದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಚೀಲ ಮಾತ್ರ ಕೈಯಿಂದ ಕೈಗೆ ಹೋಯ್ತು. ಕೇರಿಯ ಅಣ್ಣ ಸೊಂಟದವರೆಗೆ ನೀರಿಗಿಳಿದು ನಿಂತಿದ್ದ. "ನಮ್ ಮೀನು ಓಡಿ ಹೋಗ್ತಾವೆ, ಬೇಗ ಕೊಡ್ರೋ" ಅಂತ ಬೈಯುತ್ತಿದ್ದ. ನಮ್ ಮೀನು ಅಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಇನ್ನೊಂದು ಮಾತು, ಬರೆಯೋಕೆ ಕೂತಿದ್ದೇ ಇದಕ್ಕೆ. ತೂಬಿನ ಕೆಳಗೆ ನಿಮ್ಮಪ್ಪಂದು ಒಂದೆಕರೆ ಇದೆಯಲ್ಲ, ಅದರ 2,000 ರೂಪಾಯಿ ಇನ್ನೂ ಬಂದಿಲ್ಲ. ಪುಸ್ತಕದಲ್ಲಿ ನಿಮ್ಮ ಮನೆ ಹೆಸರಿನ ಮುಂದೆ ಖಾಲಿ ಇದೆ. ನಾನೇ ಕಟ್ಟಿಬಿಡೋಣ ಅಂದುಕೊಂಡೆ. ಪುಸ್ತಕ ಹಿಡಿದವನು ಬಿಡಲಿಲ್ಲ. "ಅವನ ದುಡ್ಡು ಅವನೇ ಕೊಡಲಿ, ನಾನು ಕಾಯ್ತೀನಿ" ಅಂದ. ಪುಸ್ತಕ ಯಾರ ಹತ್ತಿರ ಇದೆ ಅಂತ ಬೇರೆ ಹೇಳಬೇಕಾ? ಅವನ ನಂಬರ್ ಬದಲಾಗಿಲ್ಲ.

ದಸರಾ ರಜೆಗೆ ಬಂದರೆ ಹೇಳು. ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಏರಿ ಮೇಲೆ ಹೋಗೋಣ.

ಇಂತಿ ನಿನ್ನ,
ಹಳೇ ದೋಸ್ತ