ಡಿಸೆಂಬರ್ ಮಗುವಿಗೂ ಒಂದು ಲೇನ್ ಬಿಡಿ

ಮಾನ್ಯ ಸಂಪಾದಕರೇ,

ನಿಮ್ಮ ಕ್ರೀಡಾ ಪುಟದಲ್ಲಿ ಆಗಾಗ ಪುಟಾಣಿ ಈಜುಗಾರರ ಫಲಿತಾಂಶ ಬರುತ್ತದೆ. ಮೊದಲ ಮೂರು ಹೆಸರು, ಪಕ್ಕದಲ್ಲಿ ಟೈಮಿಂಗ್. ಇತ್ತೀಚೆಗೆ ಅದನ್ನು ಓದುವಾಗಲೆಲ್ಲ ನನಗೆ ಇನ್ನೊಂದು ವಿಷಯ ತಿಳಿಯಬೇಕು ಅನ್ನಿಸುತ್ತದೆ. ಈ ಮಕ್ಕಳು ಹುಟ್ಟಿದ್ದು ಯಾವ ತಿಂಗಳಲ್ಲಿ?

ನನ್ನ ಮಗಳು ಹುಟ್ಟಿದ್ದು ಡಿಸೆಂಬರ್ 22ಕ್ಕೆ. ಅವಳ ಜೀವದ ಗೆಳತಿ ಅದೇ ವರ್ಷದ ಜನವರಿ ಮೊದಲ ವಾರದವಳು. ಇಬ್ಬರದೂ ಒಂದೇ ಕ್ಲಬ್. ಪೂಲ್‌ನಿಂದ ಎದ್ದ ಮೇಲೆ ಒಂದೇ ಡಬ್ಬಿಯ ಚಿತ್ರಾನ್ನ ತಿನ್ನುತ್ತಾರೆ. ಆದರೆ ಸ್ಟಾರ್ಟಿಂಗ್ ಬ್ಲಾಕ್ ಮೇಲೆ ಅಕ್ಕಪಕ್ಕ ನಿಂತರೆ ನಮ್ಮವಳು ಆ ಹುಡುಗಿಯ ಕಿವಿಯ ಮಟ್ಟಕ್ಕೂ ಬರುವುದಿಲ್ಲ. ಇಲ್ಲಿ ವಯಸ್ಸನ್ನು ಲೆಕ್ಕ ಹಾಕುವುದು ಡಿಸೆಂಬರ್ 31ಕ್ಕೆ. ಹಾಗಾಗಿ ಹನ್ನೊಂದೂವರೆ ತಿಂಗಳ ಅಂತರವಿದ್ದರೂ ಹಾಳೆಯ ಮೇಲೆ ಇಬ್ಬರಿಗೂ ಒಂದೇ ವಯಸ್ಸು. ಯಾರು ಯಾವ ಲೇನಿನಲ್ಲಿ ಈಜಬೇಕು ಅಂತ ಬರೆದಿರುವ ಪಟ್ಟಿ ಇರುತ್ತದಲ್ಲ, ನಾನು ನೋಡಿದ ಆ ಹೀಟ್ ಶೀಟ್‌ಗಳಲ್ಲಿ ಹುಟ್ಟಿದ ವರ್ಷ ಮಾತ್ರ ಇರುತ್ತದೆ, ತಿಂಗಳು ಇರುವುದಿಲ್ಲ.

ಕಳೆದ ಜೂನ್‌ನಲ್ಲಿ ಒಂದು ಸ್ಪರ್ಧೆ ನಡೆಯಿತು. 50 ಮೀಟರ್ ಫ್ರೀಸ್ಟೈಲ್‌ನಲ್ಲಿ ಗೆಳತಿ 35.8 ಸೆಕೆಂಡಿಗೆ ಗೋಡೆ ಮುಟ್ಟಿ ಮೊದಲು ಬಂದಳು. ನಮ್ಮವಳು 37.9, ಆರನೆಯ ಸ್ಥಾನ. ಅದಾದ ವಾರಕ್ಕೆ ಬೆಳಗಿನ ಬ್ಯಾಚ್‌ಗೆ ಮಕ್ಕಳನ್ನು ಆರಿಸಿದರು. ಪಟ್ಟಿಯಲ್ಲಿ ಇವಳ ಹೆಸರಿರಲಿಲ್ಲ. ‘ಟೈಮಿಂಗ್ ಸಾಲದು ಮೇಡಂ, ಮುಂದಿನ ವರ್ಷ ನೋಡೋಣ’ ಅಂದರು. ಬೆಳಗಿನ ಬ್ಯಾಚ್‌ನಲ್ಲಿ ಲೇನ್‌ಗೆ ನಾಲ್ಕೇ ಮಕ್ಕಳು, ಕೋಚ್ ಪಕ್ಕದಲ್ಲೇ ನಡೆಯುತ್ತಾ ತಪ್ಪು ತಿದ್ದುತ್ತಾರೆ. ಸಂಜೆ ಬ್ಯಾಚ್‌ನಲ್ಲಿ ಲೇನ್‌ಗೆ ಹತ್ತು ಜನ. ಮುಂದೆ ಹೋಗುವವರ ಕಾಲು ಹಿಂದಿನವರ ಮೂಗಿಗೆ ತಗಲುತ್ತದೆ. ಹೀಗೆ ಒಂದು ವರ್ಷ ಕಳೆದರೆ ಏನಾಗುತ್ತದೆ? ಹುಟ್ಟಿದ ತಿಂಗಳಿನಿಂದ ಬಂದ ವ್ಯತ್ಯಾಸಕ್ಕೆ ತರಬೇತಿಯ ವ್ಯತ್ಯಾಸವೂ ಸೇರಿಕೊಳ್ಳುತ್ತದೆ. ಆಮೇಲೆ ಯಾವುದು ಎಷ್ಟು ಅಂತ ಬೇರೆ ಮಾಡುವುದು ಯಾರಿಂದಲೂ ಆಗುವುದಿಲ್ಲ.

ಅವತ್ತು ಕೋಪದಲ್ಲೇ ಮನೆಗೆ ಬಂದು, ಫೋನಿನಲ್ಲಿದ್ದ ಹಿಂದಿನ ವರ್ಷದ ಫಲಿತಾಂಶದ ಪಿಡಿಎಫ್ ಹುಡುಕಿದೆ. ಅದೂ ಜೂನ್ ತಿಂಗಳ ಸ್ಪರ್ಧೆಯೇ. ಗೆಳತಿಗೆ ಆಗ ಒಂಬತ್ತು ವರ್ಷ ಐದು ತಿಂಗಳು. ಟೈಮಿಂಗ್ 39.2. ನನ್ನ ಮಗಳು ಈ ಸಲ ಒಂಬತ್ತು ವರ್ಷ ಆರು ತಿಂಗಳಿಗೆ 37.9 ಈಜಿದ್ದಳು. ಇಷ್ಟಕ್ಕೇ ನಮ್ಮವಳೇ ಮೇಲು ಅಂತ ನಾನು ಹೇಳುವುದಿಲ್ಲ. ಆ ಹುಡುಗಿ ಡೈವ್ ಹೊಡೆಯುವುದನ್ನು ನೋಡಬೇಕು, ಸೂಜಿ ಇಳಿದ ಹಾಗೆ ನೀರಿಗೆ ಇಳಿಯುತ್ತಾಳೆ. ಆದರೆ ‘ಟೈಮಿಂಗ್ ಸಾಲದು’ ಅನ್ನುವ ಮಾತಿಗೆ ಅರ್ಥವೇ ಬೇರೆಯಾಯಿತು, ಅಲ್ವಾ?

ಇದು ಒಬ್ಬ ತಾಯಿಯ ಗೊಣಗಾಟ ಅಂತ ತಳ್ಳಿಹಾಕಬೇಡಿ. ಕೆನಡಾದ ಐಸ್ ಹಾಕಿಯಲ್ಲಿ 1980ರ ದಶಕದಲ್ಲೇ ಇದು ಕಣ್ಣಿಗೆ ಬಿದ್ದಿತ್ತು. ಆಯ್ದ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಇದ್ದರು. ಆಸ್ಟ್ರೇಲಿಯಾದ ಸಂಶೋಧಕರು ಈಜಿನಲ್ಲೂ ಹುಡುಕಿದರು. 12, 13, 14ರ ಮಕ್ಕಳಲ್ಲಿ ತಮ್ಮ ಗುಂಪಿನ ಹಿರಿಯರ ಕಡೆಗೇ ತಕ್ಕಡಿ ವಾಲಿತ್ತು. 18ರ ಹೊತ್ತಿಗೆ ಆ ವಾಲು ಇರಲಿಲ್ಲ. ವಯಸ್ಸಿನ ದಿನಗಳ ಲೆಕ್ಕಕ್ಕೆ ತಕ್ಕಂತೆ ಟೈಮಿಂಗ್ ಸರಿಹೊಂದಿಸುವ ಸೂತ್ರವನ್ನೂ 100 ಮೀಟರ್ ಫ್ರೀಸ್ಟೈಲ್‌ಗೆ ಕಟ್ಟಿ ನೋಡಿದ್ದಾರೆ. ಹದಿನೆಂಟಕ್ಕೆ ಸರಿಹೋಗುತ್ತದೆ ಅಂತ ಸಮಾಧಾನ ಮಾಡಿಕೊಳ್ಳಬಹುದು. ಆದರೆ ಅಲ್ಲಿಯವರೆಗೆ ಮಗು ನೀರಿನಲ್ಲಿ ಉಳಿದಿರಬೇಕಲ್ಲ!

ಬ್ರಿಟನ್ನಿನ ಆಡಮ್ ಪೀಟಿ ಹುಟ್ಟಿದ್ದು 1994ರ ಡಿಸೆಂಬರ್ 28ಕ್ಕೆ. ರಿಯೊ, ಟೋಕಿಯೊ ಎರಡೂ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಚಿನ್ನ ಗೆದ್ದವರು. ನಮ್ಮ ಬೆಂಗಳೂರಿನ ಒಲಿಂಪಿಕ್ ಈಜುಗಾರ ಶ್ರೀಹರಿ ನಟರಾಜ್ ಜನವರಿ 16ರವರು. ಹಾಗಂತ ಅವರ ಸಾಧನೆಯೆಲ್ಲ ಜನವರಿಯ ಕೊಡುಗೆ ಅಂದರೆ ಬೆಳಗಿನ ಜಾವ ಎದ್ದು ನೀರಿಗಿಳಿದ ಅಷ್ಟೂ ವರ್ಷಗಳಿಗೆ ಅವಮಾನ. ಇಬ್ಬರನ್ನೂ ನೆನೆಸಿಕೊಳ್ಳುವುದು ಇಷ್ಟಕ್ಕೇ: ದೊಡ್ಡವರಾದ ಮೇಲೆ ತಿಂಗಳು ಯಾರನ್ನೂ ತಡೆಯುವುದಿಲ್ಲ. ತಡೆಯುವುದು ಹತ್ತು ಹನ್ನೆರಡರ ವಯಸ್ಸಿನಲ್ಲಿ, ಕೋಚ್ ಕೈಯಲ್ಲಿರುವ ಪಟ್ಟಿ.

ಮೊದಲು ನನಗೂ ಈ ಡಿಸೆಂಬರ್ 31ರ ಗೆರೆಯ ಮೇಲೇ ಸಿಟ್ಟಿತ್ತು. ಅದನ್ನು ಜೂನ್‌ಗೆ ಸರಿಸಿದರೆ? ಆಗ ಮೇ ತಿಂಗಳ ಮಗುವಿನ ಅಮ್ಮ ನಿಮಗೆ ಪತ್ರ ಬರೆಯುತ್ತಾಳೆ, ಅಷ್ಟೆ. ಅಮೆರಿಕದಲ್ಲಿ ಸ್ಪರ್ಧೆಯ ಮೊದಲ ದಿನಕ್ಕೆ ಎಷ್ಟು ತುಂಬಿದೆಯೋ ಅದೇ ವಯಸ್ಸು. ಹಾಗಾಗಿ ಒಂದು ಸ್ಪರ್ಧೆಯಲ್ಲಿ ಕಿರಿಯಳಾದವಳು ಇನ್ನೊಂದರಲ್ಲಿ ಹಿರಿಯಳಾಗುತ್ತಾಳೆ. ಆದರೂ ದೊಡ್ಡ ಕೂಟಕ್ಕೆ ಒಂದು ವಾರ ಮುಂಚೆ ಹುಟ್ಟುಹಬ್ಬ ಬಂದರೆ ಮೇಲಿನ ಗುಂಪಿಗೆ ಹೋಗಿ ಬಾಲ ಹಿಡಿಯಬೇಕು. ನಮ್ಮ ಪದ್ಧತಿಯಲ್ಲಿ ಅದೇ ಮಗುವೇ ಪ್ರತಿ ವರ್ಷವೂ ಕೊನೆಯವಳು. ಹಲವು ವರ್ಷಗಳನ್ನು ಸೇರಿಸಿದ ಗುಂಪುಗಳಲ್ಲಂತೂ ಅಂತರ ಇನ್ನೂ ದೊಡ್ಡದು. 15ರಿಂದ 17ರವರ ಗ್ರೂಪ್ ಒಂದರಲ್ಲಿ ಅದು ಮೂರು ವರ್ಷದ ಹತ್ತಿರ ಹೋಗುತ್ತದೆ.

ಶಾಲೆಯಲ್ಲಾದರೆ ಅಪ್ಪ ಅಮ್ಮನಿಗೆ ಒಂದು ದಾರಿ ಇರುತ್ತದೆ, ಮಗುವನ್ನು ಒಂದು ವರ್ಷ ತಡವಾಗಿ ಸೇರಿಸಬಹುದು. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ತುಂಬಿರಬೇಕು ಅನ್ನುವ ನಿಯಮಕ್ಕೆ ಎಷ್ಟು ಗದ್ದಲವಾಯಿತು ನೋಡಿ. 2025ರಲ್ಲಿ ಸರ್ಕಾರ ಆ ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲ ಮಾಡಬೇಕಾಯಿತು. ನಮ್ಮಪ್ಪ, ದೊಡ್ಡಪ್ಪ ಇಬ್ಬರ ದಾಖಲೆಯಲ್ಲೂ ಹುಟ್ಟಿದ ದಿನ ಜೂನ್ 1. ಮೇಷ್ಟ್ರೇ ಬರೆದುಕೊಂಡಿದ್ದಂತೆ! ಪೂಲ್‌ನಲ್ಲಿ ಅಂಥ ಉದಾರಿ ಮೇಷ್ಟ್ರು ಇಲ್ಲ. ಇರುವುದೂ ಬೇಡ, ಸುಳ್ಳು ವಯಸ್ಸಿನ ಕಾಟ ನಮ್ಮ ಆಟಗಳಲ್ಲಿ ಈಗಲೇ ಸಾಕಷ್ಟಿದೆ.

ನಾನು ಕೇಳುವುದು ದೊಡ್ಡದೇನಲ್ಲ. ಹೀಟ್ ಶೀಟ್‌ನಲ್ಲಿ ವರ್ಷದ ಜೊತೆ ತಿಂಗಳನ್ನೂ ಹಾಕಲಿ. ಬ್ಯಾಚ್ ಆರಿಸುವಾಗ ಕೋಚ್‌ಗಳು ಮೊದಲ ಸ್ಥಾನದ ಮಗು ಇದೇ ವಯಸ್ಸಿಗೆ, ಇದೇ ತಿಂಗಳಿಗೆ ಎಷ್ಟು ಈಜಿತ್ತು ಅಂತ ಹಳೆಯ ಹಾಳೆ ತಿರುವಿ ನೋಡಲಿ. ಹತ್ತು ನಿಮಿಷದ ಕೆಲಸ. ಮೈ ಬೆಳೆದು ನಿಲ್ಲುವ ಮೊದಲೇ ಯಾರನ್ನೂ ‘ಸಂಜೆ ಬ್ಯಾಚ್’ ಅಂತ ಹಣೆಪಟ್ಟಿ ಹಚ್ಚಿ ಬಿಡದಿರಲಿ. ಜನವರಿಯ ಮಕ್ಕಳಿಗೂ ಇದು ಒಳ್ಳೆಯದು. ಚಿಕ್ಕಂದಿನಲ್ಲಿ ಗೆದ್ದೇ ಅಭ್ಯಾಸವಾದವರು, ಉಳಿದವರು ಎತ್ತರವಾಗುತ್ತಿದ್ದಂತೆ ಸೋಲು ತಡೆಯಲಾರದೆ ಬಿಟ್ಟು ಹೋಗಿದ್ದನ್ನೂ ನೋಡಿದ್ದೇನೆ. ನಿಮಗೂ ಒಂದು ಮಾತು. ನಮ್ಮ ಬೆಂಗಳೂರಿನ ಈಜುಗಾರ್ತಿ ಧಿನಿಧಿ ದೇಸಿಂಗು 14ಕ್ಕೇ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದದ್ದು ನಮಗೆಲ್ಲ ಹೆಮ್ಮೆ. ಆದರೆ ಹತ್ತರ ಮಗು ಒಂದು ಪದಕ ಗೆದ್ದ ಕೂಡಲೇ ‘ಮುಂದಿನ ಧಿನಿಧಿ’ ಅಂತ ತಲೆಬರಹ ಕೊಡಬೇಡಿ.

ಹತ್ತು ತುಂಬಿದ ಹತ್ತನೇ ದಿನಕ್ಕೆ, ಜನವರಿ 1ರಂದು, ನನ್ನ ಮಗಳು ಹನ್ನೊಂದರ ಲೆಕ್ಕಕ್ಕೆ ಹೋದಳು. ಅವಳಿಗೆ ಅದರ ಚಿಂತೆ ಇಲ್ಲ. ಈ ಶನಿವಾರ ಗೆಳತಿಯ ಹುಟ್ಟುಹಬ್ಬ. ಇಬ್ಬರದೂ ಒಟ್ಟಿಗೇ ಮಾಡಿ ಅಂತ ಮಕ್ಕಳು ಹಟ ಹಿಡಿದಿದ್ದಾರೆ, ‘ನಮ್ಮಿಬ್ಬರಿಗೂ ಎರಡೇ ವಾರ ತಾನೇ ವ್ಯತ್ಯಾಸ’ ಅಂತ. ಕೇಕಿನ ಮೇಲೆ ಒಂದು ಕಡೆ 10, ಇನ್ನೊಂದು ಕಡೆ 11 ಬರೆಯಲು ಬೇಕರಿಯವರಿಗೆ ಹೇಳಿದ್ದೇನೆ.

ಈಜುವ ಹುಡುಗಿಯ ತಾಯಿ
ಬೆಂಗಳೂರು